ಮನೆಯೊಳಗೆ ಆಡಬಾರದ ಮಾತು

ಇಟಾಲಿಯನ್ ಊಟ ಎಂದರೆ ನನಗೆ ಈಗಲೂ ಎದೆ ಧಸಕ್ ಎನ್ನುತ್ತದೆ. ಪಾಪ, ಆ ಊಟದ್ದೇನೂ ತಪ್ಪಿಲ್ಲ. ಎಲ್ಲ ಶುರುವಾದದ್ದು ನಮ್ಮ ಅತ್ತೆಯವರಿಂದ.

ಕಾಗವಾಡದ ಹತ್ತಿರ, ದ್ರಾಕ್ಷಿ ತೋಟದಲ್ಲೇ ನಮ್ಮ ಮನೆ. ಮನೆಯೊಳಗೆ ಏನು ಆಡಿದರೂ ಮನೆ ಕಾಯುವ ವಾಸ್ತುದೇವತೆ ‘ತಥಾಸ್ತು’ ಎಂದುಬಿಡುತ್ತದೆ ಎಂದು ಅತ್ತೆ ನಂಬಿದ್ದರು. ಅದಕ್ಕೇ ನಮ್ಮಲ್ಲಿ ಕೆಟ್ಟ ಮಾತು ನಿಷಿದ್ಧ. ಬಳೆ ಒಡೆದರೆ ‘ಹೆಚ್ಚಾತು’ ಎನ್ನಬೇಕು, ಡಬ್ಬಿಯಲ್ಲಿ ಹಿಟ್ಟು ತೀರಿದರೂ ‘ಹೆಚ್ಚಾತು’. “ಅಷ್ಟು ಹೆಚ್ಚಾಗಿದ್ರ ಇನ್ನೆರಡು ರೊಟ್ಟಿ ಬಡೀಲೇನ್ರಿ ಅತ್ತಿ?” ಎಂದು ಹೊಸ ಸೊಸೆಯಾಗಿದ್ದಾಗ ಕೇಳಿ ಬೈಸಿಕೊಂಡಿದ್ದೆ.

ನಮ್ಮ ಮನೆಯವರು ತಾಯಿಗಿಂತ ಒಂದು ಹೆಜ್ಜೆ ಮುಂದೆ. ಒಮ್ಮೆ ದ್ರಾಕ್ಷಿ ಸುಗ್ಗಿ ಮುಗಿದ ಮೇಲೆ, ಎರಡು ದಿನ ಪುಣೆಗೆ ಹೋಗಿ ಬರೋಣ ಎಂದರು. ನಾನು ಹಿಗ್ಗಿ ಹೊಸ ಸೀರೆ ಉಟ್ಟೆ. ಅಲ್ಲಿ ಒಂದು ಇಟಾಲಿಯನ್ ಹೋಟೆಲಿಗೆ ಕರೆದೊಯ್ದರು. ಥಾಳಿ ಊಟದ ಕಡೆ ಹೋದರೆ ಅಥಣಿಯವರೋ ರಾಯಬಾಗದವರೋ ಯಾರಾದರೂ ಸಿಕ್ಕು “ಯಾವಾಗ ಬಂದ್ರಿ?” ಎಂದು ಮೇಜಿಗೇ ಬಂದು ಕೂರುತ್ತಾರೆ. ಇಲ್ಲಿ ಆ ಕಾಟವಿಲ್ಲ. ಹಾಡುಹಗಲೇ ಪರದೆ ಇಳಿಬಿಟ್ಟು ಮೇಣದ ಬತ್ತಿ ಹಚ್ಚಿದ್ದರು. ಬಿಳಿ ಸಾಸಿನ ಪಾಸ್ತಾ ಬಂತು. “ಮೊದ್ಲ ಉಣ್ಣು,” ಎಂದರು. ಉಂಡ ಮೇಲೆ, ಅತ್ತೆಯ ಕಾಯಿಲೆ ವಾಸಿಯಾಗುವಂಥದ್ದಲ್ಲ ಎಂದು ಹೇಳಿದರು.

ಅತ್ತೆ ತೀರಿಕೊಂಡ ಮೇಲೆ ಪದ್ಧತಿ ಇನ್ನೂ ಗಟ್ಟಿಯಾಯಿತು. ಪಣಜಿಯಲ್ಲಿ ಪಿಜ್ಜಾ ತಿಂದು ಮುಗಿಸಿದಾಗ, ನನ್ನ ತಮ್ಮನ ಸಂಸಾರ ಮುರಿದ ಸುದ್ದಿ ಹೇಳಿದರು. ಆಗಲೂ ಮೊದಲು ಹೇಳಿದ್ದು “ಮೊದ್ಲ ಉಣ್ಣು” ಎಂದೇ. ನಮ್ಮ ಒಬ್ಬಳೇ ಮಗಳು ಚಿಕ್ಕವಳಿದ್ದಾಗಿನಿಂದ ಆ ಮೇಜುಗಳಲ್ಲಿ ನಮ್ಮ ಜೊತೆಯೇ ಕೂತವಳು. ಚೀಸ್ ಎಳೆಯುತ್ತ ಆಡುತ್ತಾಳೆ, ಅವಳಿಗೇನು ತಿಳಿಯುತ್ತದೆ ಎಂದುಕೊಂಡಿದ್ದೆ.

ಏಕಸಂಬಿಗೆ ಕೊಟ್ಟಿದ್ದ ಆ ಮಗಳು ಏಳು ತಿಂಗಳ ಬಸುರಿಯಾಗಿ ತವರಿಗೆ ಬಂದಳು. ಅಳಿಯ ಮಿರಜಿಗೆ ಕರೆದೊಯ್ದು ತಪಾಸಣೆ ಮಾಡಿಸಿಕೊಂಡು ಬಂದ. “ಎಲ್ಲಾ ಆರಾಮ ಐತ್ರಿ,” ಎಂದು ಹೇಳಿ ಚಹಾ ಕೂಡ ಕುಡಿಯದೆ ಹೊರಟುಹೋದ. ಮರುದಿನ ಮಗಳು, “ಅಪ್ಪಾ, ಕೊಲ್ಲಾಪುರಕ್ಕ ಹೋಗಿ ಎರಡು ದಿನ ಇದ್ದು ಬರೂಣು. ಇಟಾಲಿಯನ್ ತಿನ್ನಂಗಾಗೇತಿ,” ಎಂದಳು.

ಬಸುರಿಯ ಬಯಕೆ, ಇಲ್ಲವೆನ್ನಲು ಬರುವುದಿಲ್ಲ. ಆದರೆ ಕೃಷ್ಣಾ ನದಿಯ ಸೇತುವೆ ದಾಟುವಾಗ ನನ್ನ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು. ಕೂಸಿನ ಬಗ್ಗೆ ಅಳಿಯ ಇವರ ಕಿವಿಯಲ್ಲಿ ಏನಾದರೂ ಹಾಕಿರಬಹುದೇ? ಮಗಳ ಮುಂದೆ ಹೇಳುತ್ತಾರೆಯೇ? ಇವರೋ ಕಾರು ಓಡಿಸುತ್ತ ಕನ್ನಡಿಯಲ್ಲಿ ಮತ್ತೆ ಮತ್ತೆ ನನ್ನನ್ನೇ ನೋಡುತ್ತಿದ್ದರು. ನಾನೇ ಏನೋ ಮುಚ್ಚಿಟ್ಟಿದ್ದೇನೆ ಎಂದು ಇವರಿಗೆ ಅನುಮಾನ.

ಹೋಟೆಲಿನಲ್ಲಿ ಮೆಣಸಿನ ಪುಡಿ ಉದುರಿಸಲು ವೇಟರ್ ಮೊಳದುದ್ದದ ಗಿರಣಿ ಹಿಡಿದು ಬಂದ. “ಇದರ ಬದಲಿ ಒಂದೀಟು ಶೇಂಗಾ ಚಟ್ನಿ ಇದ್ದಿದ್ರ...” ಎಂದು ಇವರು ನಗಿಸಲು ನೋಡಿದರು. ಯಾರೂ ನಗಲಿಲ್ಲ. ನಾನು ಇವರ ಬಾಯನ್ನೇ ಕಾಯುತ್ತಿದ್ದೆ.

“ಮೊದ್ಲ ಉಣ್ರಿ, ಇಬ್ಬರೂ.”

ಹೇಳಿದವಳು ಮಗಳು.

“ಕೂಸಿನ ಎದಿ ಸರಿ ಬೆಳದಿಲ್ಲಂತ,” ಎಂದಳು. “ಮುಂದಿನ ತಿಂಗಳು ಮತ್ತ ನೋಡ್ತಾರಂತ. ಉಳದ್ರೂ ಉಳೀಬಹುದು ಅಂದ್ರು.”

ಆಗಲೇ ವೇಟರ್ ಬಂದು ಊಟ ಹೇಗಿದೆ ಎಂದು ಮರಾಠಿಯಲ್ಲಿ ಕೇಳಿದ. “ಛಾನ್ ಆಹೆ,” ಎಂದು ಹೊಗಳಿದರು ಇವರು. ನನಗೆ ಮೈಯೆಲ್ಲ ಉರಿಯಿತು. ಕೂಸಿಗಾಗಿ ಅಳು ಬಂತು, ಇವರ ಮೇಲೆ ಸಿಟ್ಟು ಬಂತು. ಅಷ್ಟು ದೊಡ್ಡ ಸಂಕಟವನ್ನು ಬಸುರಿ ಹುಡುಗಿ ತುಟಿ ಬಿಚ್ಚದೆ ಇಲ್ಲಿಯತನಕ ಹೊತ್ತು ತರಬೇಕಾಗಿತ್ತೇ? ಅದನ್ನು ಕಲಿಸಿದವರು ನಾವೇ ಅಲ್ಲವೇ?

ಮನೆಗೆ ಮರಳಿದ ಮೇಲಿನ ದಿನಗಳು ಇನ್ನೂ ಕೆಟ್ಟವು. ಮನೆಯೊಳಗೆ ಎಲ್ಲರೂ ಆರಾಮ. ಉಡಿ ತುಂಬಲು ಬಂದ ಹೆಂಗಸರು ಹೊಟ್ಟೆ ನೋಡಿ, ಗಂಡೋ ಹೆಣ್ಣೋ ಎಂದು ಚೇಷ್ಟೆ ಮಾಡಿದರು. ಮಗಳೂ ನಕ್ಕಳು. ಅವಳ ಕೈ ಹೊಟ್ಟೆಯ ಮೇಲೆ ತಡೆದು ನಿಂತರೆ ಸಾಕು, ನಾನು ಅವಳ ಮುಖ ನೋಡುತ್ತಿದ್ದೆ. ಕೇಳುವಂತಿಲ್ಲ. ತೋಟದ ಸಾಲುಗಳ ನಡುವೆ ಕರೆದೊಯ್ದು, “ಇವತ್ತ ಒದೀತೇನು?” ಎಂದು ಪಿಸುಗುಟ್ಟುತ್ತಿದ್ದೆ. “ಒದೀತು,” ಎನ್ನುತ್ತಿದ್ದಳು. ಒಂದು ದಿನ ಉತ್ತರ ತಡವಾಗಿ ಬಂತು. ನಾನು ಮತ್ತೆ ಕೇಳುವ ಧೈರ್ಯ ಮಾಡಲಿಲ್ಲ.

ಮರುದಿನವೇ ಅಪ್ಪ ಮಗಳು ಮಿರಜಿಗೆ ಹೋದರು. ಒಳಗಿನ ಕೋಣೆಗೆ ಅವಳೊಬ್ಬಳೇ ಹೋಗಿದ್ದಳಂತೆ, ಹೊರಗೆ ಬಂದು ದಾರಿಯುದ್ದಕ್ಕೂ ಮಾತಾಡಿರಲಿಲ್ಲವಂತೆ. ಸಂಜೆ ಕಾರು ಅಂಗಳಕ್ಕೆ ಬಂತು. ಮಗಳು ಇಳಿದು ಹೊಸ್ತಿಲ ತನಕ ಬಂದಳು, ಒಳಗೆ ಕಾಲಿಡಲಿಲ್ಲ.

“ಅವ್ವಾ, ಕೊಲ್ಲಾಪುರಕ್ಕ ಹೋಗೂಣು. ಈಗಿಂದೀಗ. ಆ ಪಾಸ್ತಾ ತಿನ್ನೂಣು.”

ಕೂಸು ಹೋಗಿದೆ ಎಂದು ನನಗೆ ತಿಳಿದುಹೋಯಿತು.

ಇವರು ಮತ್ತೆ ಕಾರಿನ ಕಡೆ ತಿರುಗಿದರು. ನಾನು ಮಗಳ ರಟ್ಟೆ ಹಿಡಿದೆ. “ಎಲ್ಲಿಗೂ ಹೋಗೂದು ಬ್ಯಾಡ. ಒಳಗ ಬಾ. ಇಲ್ಲೇ ಹೇಳು,” ಎಂದೆ.

“ಮನ್ಯಾಗ ಹ್ಯಾಂಗ ಹೇಳ್ಲಿ ಬೇ?”

“ಬಾಯಿ ಬಿಟ್ಟು ಹೇಳು. ಒದರಿ ಹೇಳು.”

ಅಡುಗೆಮನೆಯ ನೆಲದ ಮೇಲೆ ನನ್ನ ತೊಡೆಯ ಮೇಲೆ ಬಿದ್ದು ಹೇಳಿದಳು. ಆ ಮನೆಯಲ್ಲಿ ಅಷ್ಟು ಗಟ್ಟಿಯಾಗಿ ಯಾರೂ ಅತ್ತದ್ದು ನಾನು ಕೇಳಿರಲಿಲ್ಲ. ಅಂಗಳದಲ್ಲಿ ಇವರು ಕಾರಿನ ಬಾಗಿಲು ತೆರೆದು ಹಿಡಿದುಕೊಂಡು ನಮ್ಮನ್ನು ಕಾಯುತ್ತಲೇ ಇದ್ದರು.