ಡೇರೆಗೆ ಇಳಿದ ಮೋಡ

ಮುಂಬಯಿ ರಾಜ್ಯದ ಕಾಲ. ಬೀಳಗಿ ಸಮೀಪ ಮೋಟಾರು ಕೆಟ್ಟು ನಿಂತಿತು. ಮಧ್ಯಾಹ್ನವಾದರೂ ನನ್ನ ಲಿಂಗಪೂಜೆ ಆಗಿರಲಿಲ್ಲ. ಪೂಜೆಯಿಲ್ಲದೆ ನಾನು ನೀರೂ ಮುಟ್ಟುವವನಲ್ಲ. ಜೊತೆಗಿದ್ದ ಪಾದ್ರಿಯವರು ಅಲ್ಲೇ ಇದ್ದ ತಮ್ಮ ಪ್ರಾರ್ಥನೆಯ ಕೋಣೆ ತೆರೆದು, "ಒಳಗ ಕುಂದರ್ರಿ ಯಜಮಾನ್ರ" ಎಂದರು. ನೋಡಿದರೆ ಮೂರ್ತಿಯೇ ಇಲ್ಲ. ಹೊಸ್ತಿಲಲ್ಲೇ ಅಳುಕಿ ನಿಂತೆ.

"ನಿಮ್ಮ ದೇವರು ಎಲ್ಲಿ ಅದಾನ್ರಿ?"

"ಹಿಂದಕ ನಮ್ಮ ಬೈಬಲ್ಲಿನ ಜನ ಅಡವ್ಯಾಗ ತಿರಗೂವಾಗ, ಅವರ ಪೂಜೆ ಡೇರೆದಾಗ ದೇವರು ಮೋಡಾಗಿ ಇಳೀತಿದ್ದ ನೋಡ್ರಿ. ಅದು ತುಂಬಿದ್ರ ಒಳಗ ಯಾರೂ ಹೋಗಾಂಗಿಲ್ಲ. ಮೋಡ ಎದ್ದರ ಜನಾನೂ ಮುಂದಿನ ದಾರಿ ಹಿಡೀತಿದ್ರು. ನಿಮ್ಮ ಜೋಡಿನ ಅದೇನಿ ಅಂತ ದೇವರು ಹೇಳೂದ ಅದರ ಅರ್ಥ."

ಎದೆಯ ಮೇಲಿನ ಲಿಂಗದ ಕರಡಿಗೆ ಮುಟ್ಟಿಕೊಂಡೆ. ನನ್ನ ದೇವರೂ ನನ್ನ ಜೊತೆಯಲ್ಲೇ ಬಂದವನಲ್ಲವೇ! ಮನಸ್ಸು ಹಗುರಾಗಿ ಒಳಗೆ ಹೋದೆ. ಪೂಜೆ ಮುಗಿಸಿ ರೊಟ್ಟಿಯ ಗಂಟು ಬಿಚ್ಚಿದಾಗ ಪಾದ್ರಿಯವರು ಇನ್ನೂ ಹೊರಗೇ ನಿಂತಿದ್ದರು.

"ಬರ್ರಿ, ಊಟ ಮಾಡೂಣು."

"ಮೋಡ ಎದ್ದತೇನ್ರಿ?" ಎಂದು ನಗುತ್ತ ಒಳಗೆ ಬಂದರು.

ಮೋಟಾರು ಮಾತ್ರ ಎದ್ದದ್ದು ಸಂಜೆಗೆ.