ನಾಗಕ್ಕನ ಶುಂಠಿ ಬೀರು ಮತ್ತು ಒದ್ದೆ ಕಂಬಳಿ

ಸೀಸೆಯೊಳಗೆ ಗ್ಯಾಸು ತುಂಬಬೇಕಾದರೆ ಸಿಲಿಂಡರು ಬೇಕು, ಯಂತ್ರ ಬೇಕು ಎಂದೇ ನಾನು ನಂಬಿದ್ದೆ. ಮೂವತ್ತು ವರ್ಷ ಐಮಂಗಲದ ಸುತ್ತಮುತ್ತ ಪಂಪ್‌ಸೆಟ್ ಬಿಚ್ಚಿ ಕಟ್ಟಿದ ಕೈ ನನ್ನದು. ಒತ್ತಡ ಅಂದರೇನು ಎಂಬುದನ್ನು ಯಾವ ಕಾಲೇಜಿನಲ್ಲೂ ಕಲಿಯಲಿಲ್ಲ, ಯಾರಿಂದಲೂ ಹೇಳಿಸಿಕೊಳ್ಳಬೇಕಾಗಿಯೂ ಇಲ್ಲ ಎಂದುಕೊಂಡಿದ್ದೆ. ಆ ಜಂಬವನ್ನು ಇಳಿಸಿದವಳು ನಮ್ಮ ಪಕ್ಕದ ಹಟ್ಟಿಯ ನಾಗಕ್ಕ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು.

ಅವಳ ಗಂಡ ಕಾಟಲಿಂಗಪ್ಪನಿಗೆ ಕುರಿ ಕಾಯುವ ಕಸುಬು. ಮದುವೆಯಾದ ಹೊಸದರಲ್ಲಿ ನಾಗಕ್ಕ ಹಿರಿಯೂರಿನ ಸೋಡಾ ಅಂಗಡಿಯೊಂದರಲ್ಲಿ ಸೀಸೆ ತೊಳೆಯಲು ಹೋಗುತ್ತಿದ್ದಳು. ಅಂಗಡಿ ಮುಚ್ಚಿದ ದಿನ ಮಾಲೀಕ ಪಾಲಯ್ಯ, ಮುಚ್ಚಳ ಒತ್ತುವ ಕೈಯಂತ್ರವನ್ನು ಅವಳಿಗೇ ಕೊಟ್ಟು ಕಳಿಸಿದ. ಒಮ್ಮೆ ಮನೆಯಲ್ಲಿ ಮಿಕ್ಕಿದ್ದ ಶುಂಠಿ ಪಾನಕವನ್ನು ಸೀಸೆಗೆ ತುಂಬಿ, ಮುಚ್ಚಳ ಒತ್ತಿ, ಮರೆತುಬಿಟ್ಟಳು. ನಾಲ್ಕು ದಿನ ಬಿಟ್ಟು ತೆಗೆದರೆ ಬುಸ್ ಎಂದಿತು. ಬೇರೆಯವರಾಗಿದ್ದರೆ ಹಳಸಿತು ಎಂದು ತಿಪ್ಪೆಗೆ ಚೆಲ್ಲುತ್ತಿದ್ದರು. ಇವಳು ಗುಟುಕರಿಸಿ ನೋಡಿದಳು. ಸಿಲಿಂಡರಿಲ್ಲದೆ ಗ್ಯಾಸು ಎಲ್ಲಿಂದ ಬಂತು ಎಂಬ ಯೋಚನೆ ಅವಳ ತಲೆ ಹೊಕ್ಕಿತು, ಎರಡು ವರ್ಷ ಬಿಡಲಿಲ್ಲ.

ಆ ಎರಡು ವರ್ಷ ಅವಳು ಮಾಡಿದ್ದನ್ನು ನೋಡಿ ನಾನು ಕೈ ಮುಗಿದಿದ್ದೇನೆ. ಒಂದು ಸೀಸೆಗೆ ಅರ್ಧ ಚಮಚ ಸಕ್ಕರೆ, ಇನ್ನೊಂದಕ್ಕೆ ಒಂದು, ಮತ್ತೊಂದಕ್ಕೆ ಒಂದೂವರೆ. ಯಾವುದು ಎಷ್ಟು ದಿನಕ್ಕೆ ಹದ ಬಂತು ಎಂಬುದಕ್ಕೆ ಮನೆಯ ಗೋಡೆ ಮೇಲೆ ಇದ್ದಿಲಿನ ಗೀಟು. ಕೊನೆಗೆ ಹದ ಸಿಕ್ಕಿತು. ಶುಂಠಿ ಜಜ್ಜಿ, ದಿನಾ ಚೂರು ಸಕ್ಕರೆ ಹಾಕಿ ವಾರ ಇಟ್ಟರೆ ಅದು ನೊರೆಯೆದ್ದು ಹೆಪ್ಪಾಗುತ್ತದೆ. ಆ ಹೆಪ್ಪನ್ನು, ಕುದಿಸಿ ಆರಿಸಿದ ಶುಂಠಿ ನೀರಿಗೆ ನಿಂಬೆರಸದ ಜೊತೆ ಬೆರೆಸಬೇಕು. ಗುಳ್ಳೆ ಎದ್ದು, ಎದ್ದು, ತಾನಾಗಿ ಅಡಗುವ ತನಕ ಕಾಯಬೇಕು. ಆಮೇಲೆ ಸೀಸೆಗೊಂದು ಚಮಚ ಸಕ್ಕರೆ. ಕೂಸಿಗೆ ಔಷಧಿ ಕುಡಿಸುವ ಚಮಚ, ಅದೂ ಚಾಕುವಿನ ಬೆನ್ನಿನಿಂದ ಗೀಟಿ ಸಮ ಮಾಡಿದ್ದು. ಕತ್ತಿನಲ್ಲಿ ಎರಡು ಬೆರಳು ಜಾಗ ಬಿಟ್ಟು ತುಂಬಿ, ಮುಚ್ಚಳ ಒತ್ತಿ, ನೆರಳಲ್ಲಿಟ್ಟರೆ ನಾಲ್ಕನೇ ದಿನಕ್ಕೆ ಕುಡಿಯಬಹುದು. ಹೈವೇ ಡಾಬಾಗಳಿಂದ ಆಯ್ದು ತಂದ ದಪ್ಪ ಗಾಜಿನ ಸೀಸೆಗಳೇ ಆಗಬೇಕು. ಪ್ರತಿ ಸಲವೂ ಒಂದು ಪ್ಲಾಸ್ಟಿಕ್ ಬಾಟ್ಲಿಗೂ ಅದನ್ನೇ ತುಂಬಿಡುತ್ತಾಳೆ. ಅದನ್ನು ಹಿಸುಕಿ ನೋಡಿದರೆ ಗಾಜಿನೊಳಗೆ ಎಷ್ಟು ಬಿಗಿದಿದೆ ಎಂಬುದು ತಿಳಿಯುತ್ತದೆ. ಐಮಂಗಲದ ಹುಡುಗರು ಇದನ್ನು ಶುಂಠಿ ಬೀರು ಎಂದರು, ಅದೇ ಹೆಸರು ನಿಂತಿತು. ನಿಶೆ ಏರುವಂಥದ್ದೇನಲ್ಲ. ಕುಡಿದು ತೂರಾಡಿದಂತೆ ನಟಿಸುವವರು ಮಾತ್ರ ಇದ್ದಾರೆ.

ಈ ಸಲ ಶಿವರಾತ್ರಿ ಕಳೆದ ಮೇಲೆ ಬಿಸಿಲಿಗೆ ಸಿಕ್ಕ ಒಂದು ಸೀಸೆ ಸಿಡಿದು, ಗಾಜು ಹಾರಿ ತಾಯಿಕುರಿಯ ಕಿವಿ ಕೊಯ್ದಿತು. ಕಾಟಲಿಂಗಪ್ಪ ಅವತ್ತು ಹಟ್ಟಿಯೇ ಕೇಳುವಂತೆ ಹೇಳಿದ್ದ: "ಇನ್ನೊಂದು ಸೀಸೆ ಒಡೀಲಿ, ಆ ಮಿಷನ್ ಬಾವಿಗೆ ಎಸಿಲಿಲ್ಲ ಅಂದ್ರೆ ಕೇಳು."

ಅದಾದ ಮೇಲೆ ಬಂದದ್ದು ಮಗಳು ದೀಪಾಳ ನಿಶ್ಚಿತಾರ್ಥ. ಮತ್ತೋಡಿನಿಂದ ಬೀಗರು ಬರುವವರಿದ್ದರು. ಊಟದ ಜೊತೆ ಅಮ್ಮನ ಶುಂಠಿ ಬೀರು ಇರಲೇಬೇಕು ಎಂದು ದೀಪಾ ಹಟ ಹಿಡಿದಳು. ಗಂಡ ಗೊಣಗಿ ಒಪ್ಪಿದ. ಸೋಮವಾರದ ಕಾರ್ಯಕ್ಕೆ ಗುರುವಾರ ನಲವತ್ತು ಸೀಸೆ ತುಂಬಿದಳು.

ಶುಕ್ರವಾರ ಮಧ್ಯಾಹ್ನ ಅವರ ಮೋಟರ್ ಕೆಟ್ಟಿದೆ ಎಂದು ನಾನು ಹೋಗಿದ್ದೆ. ನಾಗಕ್ಕ ಪ್ಲಾಸ್ಟಿಕ್ ಬಾಟ್ಲಿ ಹಿಡಿದು ನಿಂತಿದ್ದಳು.

"ಮೂರ್ತಪ್ಪಣ್ಣ, ಹಿಸುಕ್ರಿ ಇದನ್ನ."

ಹಿಸುಕಿದೆ. ಕಲ್ಲು ಹಿಸುಕಿದ ಹಾಗಿತ್ತು.

"ಮೂರು ದಿನಕ್ಕೆ ಆಗೋ ಬಿಗಿ ಒಂದೇ ದಿನಕ್ಕೆ ಬಂದೈತೆ," ಎಂದವಳೇ ಒಳಗೆ ಹೋಗಿ ಸಕ್ಕರೆ ಡಬ್ಬಿ ತಂದಳು. ಅರ್ಧ ಖಾಲಿ. "ಯಾರು ಮುಟ್ಟಿದ್ರು ಇದನ್ನ?"

ಕಾಟಲಿಂಗಪ್ಪನ ಅಕ್ಕ ಹೊನ್ನಕ್ಕ ಪಡಸಾಲೆಯಲ್ಲಿ ಎಲೆಅಡಿಕೆ ಹಾಕುತ್ತಾ ಕೂತಿದ್ದಳು. ಕಾರ್ಯಕ್ಕೆಂದು ಧರ್ಮಪುರದಿಂದ ಬಂದಿದ್ದ ಹಿರಿಯಳು.

"ನಾನೇ ಕಣೇ. ನಿನ್ನೆ ನೀನು ಸಕ್ರೆ ಹಾಕಿ, ಮುಚ್ಚಳ ಒತ್ತೋಕೆ ಮುಂಚೆ ಕುರಿಮರಿ ಕಟ್ಟಾಕೆ ಹೋದಾಗ, ಒಂದೊಂದಕ್ಕೂ ಇನ್ನೆರಡು ಚಮ್ಚ ಹಾಕ್ದೆ. ಬೀಗ್ರು ಬರೋ ಮನೇಲಿ ಔಷಧಿ ಚಮ್ಚದಾಗೆ ಗೀಟಿ ಗೀಟಿ ಹಾಕ್ತೀಯಲ್ಲ, ನಾಚ್ಕೆ ಆಗಲ್ವಾ ನಿಂಗೆ? ಈ ಮನೇಲಿ ಯಾವತ್ತೂ ಬೀಗ್ರಿಗೆ ಸಪ್ಪೆ ಕೊಟ್ಟಿದ್ದಿಲ್ಲ."

"ಅಯ್ಯೋ ಅಕ್ಕಾ! ಅದು ಬೀಗ್ರ ಬಾಯಿಗೆ ಹಾಕೋ ಸಕ್ರೆ ಅಲ್ಲ. ಒಳಗಿರೋ ಹೆಪ್ಪಿಗೆ ಹಾಕೋ ಮೇವು. ಹಿಡಿ ಮೇವು ಸಾಕಾಗಿತ್ತು. ನೀನು ಬಣವೇನೆ ತಂದು ಒಡ್ಡಿದೀಯ!"

ಹೊನ್ನಕ್ಕ ಬಾಯಿಯ ಎಲೆಅಡಿಕೆ ಉಗಿದು ಎದ್ದು ಬಂದಳು.

ನಾನು ಹೇಳಿದೆ, "ಬಯಲಿಗೆ ಇಟ್ಟು ದೂರದಿಂದ ಕಲ್ಲು ಹೊಡೆದುಬಿಡಾಣ ನಾಗಕ್ಕ. ಜೀವಕ್ಕಿಂತ ಹೆಚ್ಚಾ?"

"ಕಲ್ಲು ಹೊಡ್ದು ಒಡೆದ್ರೂ ಒಡ್ದಂಗೇ ಅಲ್ವೇನಣ್ಣ? ಆಮೇಲೆ ಮಿಷನ್ ಬಾವೀಲಿ ಹುಡುಕ್ಬೇಕು," ಎಂದಳು. ಎಲ್ಲರನ್ನೂ ದೂರ ಕಳಿಸಿದಳು.

ಗಂಡನ ಎರಡು ಕರಿ ಕಂಬಳಿಗಳನ್ನು ಕುರಿ ನೀರು ಕುಡಿಯುವ ಬಾನಿಯಲ್ಲಿ ಅದ್ದಿದಳು. ನೀರು ಕುಡಿದ ಕಂಬಳಿ ಒಂದೊಂದೂ ಕುರಿಯ ತೂಕ. ಹುಣಸೆ ನೆರಳಲ್ಲಿದ್ದ ಸೀಸೆಗಳ ಮೇಲೆ ಅವನ್ನು ಹೊದಿಸಿ, ತಣ್ಣೀರು ಎರಚುತ್ತಾ ಹೊತ್ತು ಇಳಿಯುವ ತನಕ ಕಾದಳು. ತಂಪಾದರೆ ಒಳಗಿನ ಹೆಪ್ಪು ಮಂಕಾಗುತ್ತದೆ, ಗ್ಯಾಸೂ ಅಷ್ಟು ನುಗ್ಗುವುದಿಲ್ಲ. ನನ್ನ ಬೈಕಿನ ಹೆಲ್ಮೆಟ್ ತಲೆಗೆ ಹಾಕಿಕೊಂಡಳು, ಕೈಗೆ ಗೋಣಿಚೀಲ ಸುತ್ತಿಕೊಂಡಳು. ಕಂಬಳಿಯ ಅಡಿಗೆ ಕೈ ತೂರಿಸಿ ಒಂದೊಂದೇ ಮುಚ್ಚಳದ ಅಂಚನ್ನು ಕೂದಲೆಳೆಯಷ್ಟು ಎತ್ತುವುದು, ಸುಯ್ ಎನ್ನುವುದನ್ನು ಕಿವಿಗೊಟ್ಟು ಕೇಳುವುದು, ಸದ್ದು ತೆಳುವಾದಾಗ ಹೊಸ ಮುಚ್ಚಳ ಒತ್ತುವುದು. ಪಂಪಿನ ವಾಲ್ವನ್ನೂ ಅಷ್ಟು ನಾಜೂಕಾಗಿ ತಿರುಗಿಸುವವರನ್ನು ನಾನು ಕಂಡದ್ದು ಕಡಿಮೆ.

ಮುಕ್ಕಾಲು ಪಾಲು ಮುಗಿದಿತ್ತು. ಕಂಬಳಿಯ ಅಡಿಯಲ್ಲಿ ಧಬ್ ಎಂದಿತು. ಕಂಬಳಿ ಒಂದು ಗೇಣು ಎದ್ದು ಕೂತಿತು. ಒಂದು ಚೂರೂ ಹೊರಗೆ ಬರಲಿಲ್ಲ.

ಆ ಹೊತ್ತಿಗೆ ಸರಿಯಾಗಿ ಕಾಟಲಿಂಗಪ್ಪ ಮಂದೆ ಹೊಡೆದುಕೊಂಡು ಬಂದಿದ್ದ. ನಾಗಕ್ಕ ಹೆಲ್ಮೆಟ್ ಒಳಗಿಂದಲೇ ಅವನನ್ನು ನೋಡಿದಳು. ಹೊನ್ನಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಕಾಟಲಿಂಗಪ್ಪ ಹೆಂಡತಿಯ ಕೈ ನೋಡಿದ, ಗ್ಯಾಸು ಇಳಿಸಿ ಹೊರಗೆ ಸಾಲಾಗಿ ನಿಲ್ಲಿಸಿದ್ದ ಸೀಸೆ ನೋಡಿದ, ತನ್ನ ಕಂಬಳಿ ನೋಡಿದ.

"ಒಡೀತು," ಎಂದಳು ನಾಗಕ್ಕ. ಮುಚ್ಚುಮರೆ ಮಾಡಲಿಲ್ಲ.

"ಒಡ್ದಿದ್ದು ಎಲ್ಲೇ?" ಎಂದ ಅವನು. "ಕಂಬಳಿ ಕೆಮ್ಮಿತು ಅಷ್ಟೆ. ಸರಿ ಅತ್ಲಾಗೆ, ಮಿಷನ್ ನಾನು ಒತ್ತುತೀನಿ. ನೀನು ಎತ್ತು."

ಉಳಿದದ್ದನ್ನು ಇಬ್ಬರೂ ಮುಗಿಸಿದರು. ಭಾನುವಾರ ಬೆಳಿಗ್ಗೆ ಇನ್ನೊಮ್ಮೆ ಹಾಗೆಯೇ ಗ್ಯಾಸು ಇಳಿಸಿದರು.

ಸೋಮವಾರ ಮೂವತ್ತೊಂಬತ್ತು ಸೀಸೆ ಪಂಕ್ತಿಗೆ ಬಂದವು. ಗಂಡಿನ ಅಜ್ಜಿ ಒಂದು ಲೋಟ ಕುಡಿದು, ಕಣ್ಣರಳಿಸಿ, ಗಟ್ಟಿಯಾಗಿ ತೇಗಿದಳು. "ಇನ್ನೊಂದಿಟು ಹಾಕ್ರವ್ವ. ಏನ್ ಹದ! ಸಕ್ರೆ ಎಷ್ಟು ಹಾಕ್ತೀರಿ ಇದಕ್ಕೆ?"

ನಾಗಕ್ಕ ಅಜ್ಜಿಯ ಲೋಟಕ್ಕೆ ಸೀಸೆ ಬಗ್ಗಿಸಿದಳು. ನಡೆದದ್ದನ್ನು ಬೀಗರ ಮುಂದೆ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ. ಉತ್ತರ ಕೊಟ್ಟವಳು ಹೊನ್ನಕ್ಕ.

"ಒಂದೇ ಚಮ್ಚ ಕಣ್ರಿ, ಗೀಟಿದ ಚಮ್ಚ. ಮೇಲೊಂದು ಕಾಳು ಹಾಕೀರಿ ಮತ್ತೆ! ಕೈ ಮುರೀತಾಳೆ ನಮ್ ನಾಗಿ."

ಮುಚ್ಚಳದ ಯಂತ್ರ ಈಗಲೂ ಅವರ ಮನೆಯ ಗೂಟದಲ್ಲಿದೆ. ಗಾಜು ಸೀಳಿದ ಆ ಕಂಬಳಿ ಸೀಸೆಗಳ ಪಾಲಾಯಿತು. ಕಾಟಲಿಂಗಪ್ಪ ತನಗೆ ಹೊದೆಯಲು ಬೇರೆಯದೊಂದನ್ನು ತಂದುಕೊಂಡ.