ಕೋಸು ಸುಟ್ಟ ಪೋಸ್ಟು

ನನ್ನ ಫೋನನ್ನು ಗೋಡೆಗೆ ಒರಗಿಸಿಟ್ಟು, ಹತ್ತು ಹೆಜ್ಜೆ ಹಿಂದಕ್ಕೆ ಹೋಗಿ, ಕತ್ತು ಓರೆ ಮಾಡಿ, ಎಡಗಣ್ಣು ಮುಚ್ಚಿಕೊಂಡು ನೋಡುತ್ತಿದ್ದರು ಬೋರ್ಡ್ ಮಾವ. ಅಷ್ಟು ದೂರದಿಂದ ಫೋನಿನ ಅಕ್ಷರ ಯಾರಿಗೆ ತಾನೆ ಕಂಡೀತು? ಆದರೂ ನಲವತ್ತು ವರ್ಷ ಏಣಿ ಇಳಿದು ಹಾಗೆ ನೋಡಿದ ಅಭ್ಯಾಸ. ಆಮೇಲೆ ಹತ್ತಿರ ಬಂದು, "ಓದು ಕೂಸು, ಕೇಳ್ತೀನಿ" ಅನ್ನುತ್ತಿದ್ದರು.

ತಮಿಳುನಾಡಿನ ಗಡಿಯೊಳಗಿನ ನಮ್ಮ ತಾಳವಾಡಿ ಸುತ್ತಿನ ಅಂಗಡಿ, ಗಿರಣಿ, ಹಾಲಿನ ಸೊಸೈಟಿ, ಎಲ್ಲದರ ಬೋರ್ಡೂ ಅವರು ಕೈಯಲ್ಲಿ ಬರೆದದ್ದೇ. ಮೇಲೆ ತಮಿಳು, ಕೆಳಗೆ ಕನ್ನಡ. ಎರಡೂ ಅಷ್ಟೇ ಗುಂಡಗೆ. ಫ್ಲೆಕ್ಸ್ ಬಂದ ಮೇಲೆ ಕೆಲಸ ಹೋಯಿತು. ನನ್ನ ತರಕಾರಿ ಸಸಿ ನರ್ಸರಿ ಅವರ ಮನೆ ಪಕ್ಕದಲ್ಲೇ ಇದ್ದದ್ದರಿಂದ, ಬೆಳಗಿನ ಟೀ ಕುಡಿಯುವ ನೆಪದಲ್ಲಿ ನನ್ನ ಬರವಣಿಗೆಯ ತಪ್ಪು ಹಿಡಿಯುವುದೇ ಅವರ ಕೆಲಸವಾಯಿತು.

ಕೃಷಿ ಡಿಪ್ಲೊಮಾ ಮುಗಿಸಿದವಳು ನಾನು. ರೈತರು ನನ್ನ ಮಾತು ನಂಬಬೇಕು, ಸಸಿಗೆ ನನ್ನ ಹತ್ತಿರವೇ ಬರಬೇಕು ಅಂತ ಫೇಸ್‌ಬುಕ್ಕಿನಲ್ಲಿ ದಿನಾ ಬರೆಯುತ್ತಿದ್ದೆ. ಉದ್ದುದ್ದ ಬರೆದು, ಟೊಮೆಟೊ ಸಾಲಿನ ನಡುವೆ ನಿಂತ ನನ್ನ ಫೋಟೋ ಹಾಕುತ್ತಿದ್ದೆ. ಮಾವ ಮೊದಲ ದಿನವೇ ಕೇಳಿದರು: "ನೀನ್ಯಾಕೆ ಇಲ್ಲಿ ನಗ್ತಾ ನಿಂತಿದ್ದೀಯೆ? ರೋಗ ಬಂದಿರದು ಎಲೆಗೆ ತಾನೆ? ಎಲೆ ತೋರ್ಸು."

ಮೈಯೆಲ್ಲ ಉರಿದುಹೋಯಿತು. ಆದರೆ ಮಾರನೇ ದಿನ ಎಲೆಯನ್ನೇ ಹಾಕಿದೆ.

"ಬರ್ಯೋನ ಬುದ್ಧಿವಂತಿಕೆ ಯಾರ್ಗೆ ಬೇಕು? ಓದೋನ್ಗೆ ಬಸ್ಸಿಗೆ ಒತ್ತಾಯ್ತದೆ. ಕಮ್ಮಿ ಬರಿ" ಅನ್ನುವುದು ಅವರ ಪಾಠ. ನನ್ನ ಪೇಜಿಗೆ ಎಷ್ಟು ಜನ ಸೇರಿದರು ಅಂತ ಗಂಟೆಗೊಮ್ಮೆ ನೋಡುತ್ತಿದ್ದರೆ ಗದರುತ್ತಿದ್ದರು: "ಅದ್ನ ಎಣ್ಸದ ಬುಡು. ಇವತ್ತು ಪೋನ್ ಮಾಡ್ದೋನು ಏನ್ ಕೇಳ್ದ? ಅದೇ ನಾಳಿಕ್ಕೆ ಬರಿ." ಹಾಗೇ ಬರೆದೆ. ಕೆಳಗೆ ತಮಿಳಿನಲ್ಲಿ ಅವರೇ ಹೇಳಿ ಬರೆಸಿದರು. ಮೂರು ವರ್ಷದಲ್ಲಿ ಗಡಿಯಾಚೆ ಚಾಮರಾಜನಗರದ ಕಡೆಯವರೂ ನನ್ನನ್ನು ಕೇಳಿಯೇ ಔಷಧಿ ಹೊಡೆಯುವ ಹಾಗಾಯಿತು. ನನಗೂ ಸ್ವಲ್ಪ ಕೊಬ್ಬು ಬಂತು, ಸುಳ್ಳು ಯಾಕೆ ಹೇಳಲಿ.

ಆಗಲೇ ಕೋಸಿನ ಹುಳುವಿನ ಪೋಸ್ಟು ಬರೆದದ್ದು. ಟ್ಯಾಂಕಿಗೆ ಎಷ್ಟು ಎಂಎಲ್ ಔಷಧಿ ಅನ್ನುವ ಸಾಲು ಇತ್ತು. "ಉದ್ದಾಯ್ತು, ಇನ್ನೂ ಕಮ್ಮಿ ಮಾಡು" ಅಂದರು ಮಾವ. ನಾನು ಆ ಸಾಲನ್ನೇ ಕಿತ್ತು, ನಮ್ಮ ಕಡೆಯವರು ಬಾಟಲಿಯ ಮುಚ್ಚಳದಲ್ಲೇ ಅಳೆಯುವುದಲ್ಲವೇ ಅಂತ, "ಟ್ಯಾಂಕಿಗೆ ಎರಡು ಮುಚ್ಚಳ" ಅಂತ ಹಾಕಿದೆ. ಚಿಕ್ಕ ಬಾಟಲಿಗೆ ಚಿಕ್ಕ ಮುಚ್ಚಳ, ದೊಡ್ಡದಕ್ಕೆ ದೊಡ್ಡದು ಅನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ನಾಲ್ಕು ದಿನಕ್ಕೆ ಪಣಕಹಳ್ಳಿಯಿಂದ ಒಬ್ಬ ಹೆಂಗಸು ಫೋನ್ ಮಾಡಿದರು. "ನೀವು ಏಳ್ದಂಗೇ ಎರಡು ಮುಚ್ಚಳ ಆಕ್ದಿ ಕಣವ್ವ. ಕೋಸೆಲ್ಲ ಸುಟ್ಟೋಗದೆ." ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ.

ಪೋಸ್ಟು ಅಳಿಸಲು ಹೊರಟವಳು ಮಾವನಿಗೆ ಒಂದು ಮಾತು ಹೇಳೋಣ ಅಂತ ಹೋದೆ.

"ಅಳ್ಸ್‌ಬುಟ್ರೆ, ಆಗ್ಲೇ ಓದ್ದೋರ್ಗೆ ಯಾರು ಏಳದು?" ಅಂದರು. "ನಾನು ಬೋರ್ಡಲ್ಲಿ ತಪ್ಪು ಬರ್ದಾಗ ನಡುಮದ್ಯಾನ ಏಣಿ ಅತ್ತಿ ತಿದ್ದಿವ್ನಿ. ನಾಲ್ಕು ಜನ ನೋಡ್ಲಿ ಅಂತ."

"ಬೋರ್ಡು ಬೇರೆ ಮಾವ. ಇದು ಮೂರು ವರ್ಷ ಕಟ್ಟಿದ ಹೆಸರು."

"ಎಸ್ರು ನಿಂದು. ಕೋಸು ಆಯಮ್ಮಂದು" ಅಂದು ಮುಖ ತಿರುಗಿಸಿದರು.

ಅಳುತ್ತಲೇ ಬರೆದೆ: "ನನ್ನ ಮಾತು ಕೇಳಿ ಒಬ್ಬರ ಕೋಸು ಸುಟ್ಟಿದೆ. ತಪ್ಪು ನನ್ನದು. ಮುಚ್ಚಳದಲ್ಲಿ ಅಳೆಯಬೇಡಿ." ಕೆಳಗೆ ಎಂಎಲ್ ಲೆಕ್ಕ. ಗೆಟ್ಟವಾಡಿಯವರೊಬ್ಬರು ಫೋನ್ ಮಾಡಿ, ಟ್ಯಾಂಕಿಗೆ ಕಲಸಿದ್ದನ್ನು ಹೊಡೆಯದೆ ನಿಲ್ಲಿಸಿದೆ ಅಂದರು. ಉಳಿದವರು ಬಾಯಿಗೆ ಬಂದ ಹಾಗೆ ಬೈದರು. ಎಷ್ಟೋ ಜನ ಬಿಟ್ಟುಹೋದರು. ಆ ಹಂಗಾಮಿನಲ್ಲಿ ಕೊಳ್ಳುವವರಿಲ್ಲದೆ ಅರ್ಧ ಸಸಿ ಟ್ರೇಯಲ್ಲೇ ಬಲಿತುಹೋಯಿತು.

ಹೊಸ ಸಸಿ ತೆಗೆದುಕೊಂಡು ಪಣಕಹಳ್ಳಿಗೆ ಹೋದಾಗ ಮಾವನೂ ಸ್ಕೂಟರಿನ ಹಿಂದೆ ಕೂತು ಬಂದರು. ಬದುವಿನ ಮೇಲೆ ನಿಂತು ಸುಟ್ಟ ಸಾಲುಗಳನ್ನೇ ನೋಡಿದರು. ಒಂದು ಸಮಾಧಾನದ ಮಾತಾಡಲಿಲ್ಲವಲ್ಲ ಅಂತ ನನಗೆ ಕೆಟ್ಟ ಕೋಪ. ಎರಡು ತಿಂಗಳು ಅವರಿಗೆ ಟೀ ಕೊಟ್ಟೆನೇ ಹೊರತು ಪೋಸ್ಟು ಓದಿ ಹೇಳಲಿಲ್ಲ. ಅವರೂ ಕೇಳಲಿಲ್ಲ. ಆಮೇಲೆ ಹೇಗೋ ಮಾತು ಕೂಡಿತು, ಜನವೂ ನಿಧಾನಕ್ಕೆ ಮರಳಿ ಬಂದರು.

ಹೋದ ಚಳಿಗಾಲದಲ್ಲಿ ಮಾವನಿಗೆ ಮೊದಲಿಂದ ಇದ್ದ ಕೆಮ್ಮು, ಎದೆಯ ಕಾಯಿಲೆ ಜೋರಾಗಿ, ಎಂಟೇ ದಿನದಲ್ಲಿ ತೀರಿಕೊಂಡರು. ಮಣ್ಣಿಗೆ ಬಂದವರಲ್ಲಿ ಆ ಪಣಕಹಳ್ಳಿಯ ಹೆಂಗಸೂ ಇದ್ದರು. ಇವರಿಗೆ ಯಾರು ಹೇಳಿ ಕಳಿಸಿದರು ಅಂತ ಆಶ್ಚರ್ಯವಾಗಿ ಹತ್ತಿರ ಹೋದೆ.

"ನಮ್ಮ ಒಲದ ಕೆಲಸ ಮಾಡ್ದೋರು ಕಣವ್ವ, ಮಣ್ಗೆ ಬರ್ದೆ ಇರಕಾದಾ?" ಅಂದರು. "ನೀವು ಸಸಿ ಕೊಟ್ಟೋದ್ಮೇಲೆ ಸೋಮ್ವಾರ ಸೋಮ್ವಾರ ಬಸ್ಸಲ್ಲಿ ಬರೋರು. ಕೋಸು ಕಟಾವಾಗೋಗಂಟ ಬಂದ್ರು. ಆ ಕೆಮ್ಮಲ್ಲೂ ಕುಂತ್ಕಂಡು ಕಳೆ ಕೀಳೋರು. ಬ್ಯಾಡಿ ಅಂದ್ರೆ, 'ಕಮ್ಮಿ ಬರಿ ಅಂತ ಆ ಕೂಸ್ಗೆ ಏಳ್ದೋನು ನಾನೇ, ಅವಳ್ಗೆ ಏಳ್ಬೇಡಿ' ಅನ್ನೋರು."

ಸೋಮವಾರ ತಾಳವಾಡಿಯಲ್ಲಿ ಹಳೇ ಸ್ನೇಹಿತರನ್ನು ನೋಡಿ ಬರುತ್ತೇನೆ ಅನ್ನುತ್ತಿದ್ದರು ನನಗೆ. ನಾನು ಅವರ ಮೇಲೆ ಮುನಿಸಿಕೊಂಡು ಕೂತಿದ್ದ ಅಷ್ಟೂ ಸೋಮವಾರ, ಅವರು ನನ್ನ ತಪ್ಪಿನ ಹೊಲದಲ್ಲಿ ಕಳೆ ಕೀಳುತ್ತಿದ್ದರು.